ನೀಲಿ ಗೀಟಿನ ಮೇಲಿಟ್ಟದ್ದು

ಅವರಿಗೆ ಈಜು ಬರುವುದಿಲ್ಲ. ನಗರದ ನದಿಯನ್ನು ಕುರಿತು ಮಕ್ಕಳಿಗಾಗಿ ಹದಿನಾಲ್ಕು ಪುಸ್ತಕ ಬರೆದವರು, ಆ ನದಿಯ ದಂಡೆಯ ಮೇಲಿನ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವವರು, ಒಮ್ಮೆಯೂ ಮೊಣಕಾಲಿಗಿಂತ ಮೇಲಿನ ನೀರಿಗೆ ಇಳಿದವರಲ್ಲ. ಇದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಶಾಲೆಗಳಲ್ಲಿ ಮಕ್ಕಳು ಕೇಳಿದಾಗ, ಬರುವುದಿಲ್ಲ, ಕಲಿಯಲು ಹೋದವಳು ಹೆದರಿ ಬಂದೆ ಎಂದು ನೆಟ್ಟಗೆ ಹೇಳುತ್ತಿದ್ದರು. ನೀರಿಗೆ ಇಳಿಯಲಾಗದವರು ದಡದಲ್ಲಿ ನಿಂತು ಇಳಿದವರನ್ನು ಕೇಳಬೇಕಾಗುತ್ತದೆ. ಅವರ ಬರವಣಿಗೆಯ ಕ್ರಮವೆಲ್ಲ ಹುಟ್ಟಿದ್ದು ಆ ಕೇಳುವುದರಿಂದ. ಅವರ ದೊಡ್ಡ ತಪ್ಪು ಹುಟ್ಟಿದ್ದೂ ಅದರಿಂದಲೇ.

ಮಕ್ಕಳ ಪುಸ್ತಕಗಳ ಕ್ಷೇತ್ರದಲ್ಲಿ ಅವರ ಸ್ಥಾನ ಯಾವುದು ಎಂದು ಹೇಳುವುದು ಕಷ್ಟವಲ್ಲ. ಇತಿಹಾಸವೆಂದರೆ ಕಿರೀಟ ತೊಟ್ಟವರ ಸಂಗತಿ, ನದಿಯೆಂದರೆ ಬೆಟ್ಟದಲ್ಲಿ ಹುಟ್ಟಿ ಕಡಲು ಸೇರುವ ಒಂದು ನೀಲಿ ರೇಖೆ ಎಂದು ನಂಬಿಕೊಂಡಿದ್ದ ಪುಸ್ತಕಗಳ ನಡುವೆ, ಅಂಬಿಗನನ್ನೂ ಬಟ್ಟೆ ಒಗೆಯುವಾಕೆಯನ್ನೂ ಬಣ್ಣದ ಕಾರ್ಖಾನೆಯ ಕೊಳವೆಯನ್ನೂ ತಂದು ಕೂರಿಸಿದವರು ಅವರು. ಅವರ ವಾಕ್ಯಗಳು ಚಿಕ್ಕವು. ಆ ಚಿಕ್ಕ ವಾಕ್ಯಗಳ ಹಿಂದಿನ ತಿರುಗಾಟ ಮಾತ್ರ ಚಿಕ್ಕದಲ್ಲ. ದಂಡೆಯ ಮಕ್ಕಳು ಅವರನ್ನು ಕರೆಯುತ್ತಿದ್ದುದು ಹೊಳೆಯಕ್ಕ ಎಂದು. ಆ ಮಕ್ಕಳಿಗೆ ಮಕ್ಕಳಾದ ಮೇಲೆ ಒಂದೇ ಏಟಿಗೆ ಹೊಳೆಯಜ್ಜಿ ಆದರು. ನಡುವೆ ಚಿಕ್ಕಮ್ಮನೋ ಅತ್ತೆಯೋ ಆಗುವ ಅವಕಾಶವನ್ನೇ ಯಾರೂ ಕೊಡಲಿಲ್ಲ ಎಂದು ಅವರು ದೂರುವುದುಂಟು.

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವರು ಸೇರಿದ್ದು ಸಹಾಯಕಿಯಾಗಿ. ಹರಿದ ಹಾಳೆಗೆ ಅಂಟು ಹಚ್ಚುವುದು, ಬೆನ್ನು ಕಿತ್ತುಹೋದ ಪುಸ್ತಕಕ್ಕೆ ಬಟ್ಟೆಪಟ್ಟಿ ಕೂರಿಸುವುದು, ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರುವಂತೆ ನೋಡಿಕೊಳ್ಳುವುದು, ಇಷ್ಟು ಕೆಲಸ. ಕೋಣೆ ಕೆಳಗಿನ ಅಂತಸ್ತಿನಲ್ಲಿ, ರಸ್ತೆಯ ಮಟ್ಟಕ್ಕೆ ಇತ್ತು. ಎರಡು ಕಿಟಕಿಯಲ್ಲಿ ಒಂದು ನದಿಯ ಕಡೆ ತೆರೆಯುತ್ತಿತ್ತು, ಇನ್ನೊಂದು ತೆರೆಯುತ್ತಲೇ ಇರಲಿಲ್ಲ. ಸೇರಿದ ಎರಡನೆಯ ವರ್ಷ ಗ್ರಂಥಾಲಯ ಒಂದು ಚಿತ್ರಸ್ಪರ್ಧೆ ಏರ್ಪಡಿಸಿತು. ವಿಷಯ ‘ನಮ್ಮ ನದಿ’. ನಲವತ್ತನಾಲ್ಕು ಚಿತ್ರ ಬಂದವು. ನಲವತ್ತಮೂರರಲ್ಲಿ ಎರಡು ಮುಕ್ಕೋನ ಬೆಟ್ಟ, ನಡುವೆ ಸೂರ್ಯ, ಅಲ್ಲಿಂದ ಇಳಿಯುವ ನೀಲಿ ನೀರು. ಈ ನಗರದಿಂದ ಒಂದು ಹಗಲು ಪ್ರಯಾಣ ಮಾಡಿದರೂ ಬೆಟ್ಟ ಸಿಗುವುದಿಲ್ಲ. ನದಿಯ ಬಣ್ಣ ಕಂದು. ಕಾರ್ಖಾನೆ ನೀರು ಬಿಟ್ಟ ದಿನ ಮಾತ್ರ ಬೇರೆ. ಉಳಿದ ಒಂದು ಚಿತ್ರವನ್ನು ಬಟ್ಟೆ ಒಗೆಯುವಾಕೆಯ ಮಗಳು ಬರೆದಿದ್ದಳು. ಒಂದು ಕೊಳವೆ, ಕಂದು ನೀರು, ಬಗ್ಗಿದ ತಾಯಿಯ ಬೆನ್ನು. ನೋಡಲು ಚೆನ್ನಾಗಿಲ್ಲವೆಂದು ತೀರ್ಪುಗಾರರು ಅದನ್ನು ಪಕ್ಕಕ್ಕಿಟ್ಟರು. ಅವರು ಅದನ್ನು ಎತ್ತಿಕೊಂಡು ಹೋಗಿ ತಮ್ಮ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದರು. ಅದೇ ವರ್ಷ ಅವರ ಮೊದಲ ಪುಸ್ತಕ ಬಂತು, ‘ನಮ್ಮ ಹೊಳೆಗೆ ಬೆಟ್ಟವಿಲ್ಲ’. ಇಪ್ಪತ್ತು ಪುಟ, ಎರಡೇ ಬಣ್ಣ.

ಆ ಪುಸ್ತಕ ಬರೆಯುವಾಗ ಅವರು ತಮಗೆ ತಾವೇ ಒಂದು ನಿಯಮ ಹಾಕಿಕೊಂಡರು. ಎರಡು ಬಾಯಿ, ಒಂದು ಕಾಗದ. ಯಾವುದೇ ಸಂಗತಿ ಪುಸ್ತಕಕ್ಕೆ ಹೋಗಬೇಕಾದರೆ ಇಬ್ಬರು ಹೇಳಬೇಕು, ಒಂದು ಬರಹದ ದಾಖಲೆ ಅದಕ್ಕೆ ಹೊಂದಬೇಕು. ಅಷ್ಟೇ ಅಲ್ಲ, ಆ ಇಬ್ಬರು ಪರಸ್ಪರ ಮಾತು ಬಿಟ್ಟವರಾಗಿರಬೇಕು. ಮಾತಾಡುವವರು ಒಬ್ಬರ ನೆನಪನ್ನು ಇನ್ನೊಬ್ಬರಿಗೆ ಹಚ್ಚುತ್ತಾರೆ ಎಂಬುದು ಅವರ ವಾದ. ಹೀಗಾಗಿ ದಂಡೆಯಲ್ಲಿ ಯಾರಿಗೆ ಯಾರ ಮೇಲೆ ಮುನಿಸು ಎಂಬುದರ ಪೂರ್ತಿ ತಿಳಿವಳಿಕೆ ಅವರಿಗಿತ್ತು. ಸಹೋದ್ಯೋಗಿಗಳು, ಮೇಡಂ ಜಗಳ ಹುಡುಕಿಕೊಂಡು ಹೋಗಿದ್ದಾರೆ, ಸಂಜೆಗೆ ಬರುತ್ತಾರೆ ಎಂದು ಬಂದವರಿಗೆ ಹೇಳಿ ಕಳಿಸುತ್ತಿದ್ದರು.

ಈ ವಿಷಯದಲ್ಲಿ ಅವರಿಗೆ ಅತಿ ಹೆಚ್ಚು ಒದಗಿಬಂದವರು ಅಂಬಿಗ ಮತ್ತು ದೋಣಿ ಬಡಗಿ. ಒಂದು ಸೋರುವ ದೋಣಿಯ ಕಾರಣಕ್ಕೆ ಅವರಿಬ್ಬರು ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಮನೆ ಮಾತ್ರ ಎದುರುಬದುರು.

“ಅವನೇನಂದ?” ಎಂದು ಅಂಬಿಗ ಪ್ರತಿ ಸಲ ಕೇಳುತ್ತಿದ್ದ.

“ಬಾಗಿಲು ತೆಗೆದ್ರೆ ಅವರ ಮುಖವೇ ಕಾಣುತ್ತಲ್ಲ, ನೀವೇ ಕೇಳಿ.”

“ಅವನ ಹತ್ರ ನಾನ್ಯಾಕೆ ಬಾಯಿ ಬಿಡ್ಲಿ? ಸುಳ್ಳು ಹೇಳಿರ್ತಾನೆ, ಅದಕ್ಕೆ ಕೇಳ್ದೆ ಅಷ್ಟೆ.”

ಅವರು ಹೇಳುತ್ತಿರಲಿಲ್ಲ. ಇಬ್ಬರ ಮಾತೂ ಕ್ಯಾಸೆಟ್ಟಿನಲ್ಲಿ ಬೇರೆ ಬೇರೆಯಾಗಿ ಕೂರುತ್ತಿತ್ತು. ಮೇಲೆ ಹಣೆಪಟ್ಟಿ ಅಂಟಿಸಿ, ತಾರೀಖು ಬರೆದು, ಕೋಣೆಯ ಹಿಂಬದಿಯ ಕಪಾಟಿಗೆ ಸೇರಿಸುತ್ತಿದ್ದರು. ಮೂವತ್ತು ವರ್ಷದಲ್ಲಿ ಅಲ್ಲಿ ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್ಟು ಸೇರಿದವು.

ಎರಡನೆಯ ಕ್ರಮವೂ ಒಂದಿತ್ತು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಯಾರ ಕೆಲಸದ ಬಗ್ಗೆ ಬರೆದಿದ್ದಾರೋ ಅವರ ಮುಂದೆ ಅದನ್ನು ಪೂರ್ತಿ ಓದಬೇಕು, ಚಿತ್ರಗಳನ್ನೂ ತೋರಿಸಬೇಕು. ಬಟ್ಟೆ ಒಗೆಯುವವರ ಮೇಲಿನ ಪುಸ್ತಕ ಓದಿದ ದಿನ ಕೊಳವೆಯ ಚಿತ್ರ ಬರೆದಿದ್ದ ಹುಡುಗಿಯ ತಾಯಿ ಚಿತ್ರ ನೋಡಿ ತಲೆಯಾಡಿಸಿದಳು. “ಒಗೆಯೋಳು ನಾನೋ, ನಿಮ್ಮ ಚಿತ್ರದ ಮೇಷ್ಟ್ರೋ? ಹೀಗೆ ಹಿಡಿದ್ರೆ ಸೊಂಟ ಉಳಿಯುತ್ತಾ?” ಎಂದಳು. ಚಿತ್ರದ ಮೇಷ್ಟ್ರು ಎಂದರೆ ಹದಿನಾಲ್ಕೂ ಪುಸ್ತಕಗಳಿಗೆ ನೀರುಬಣ್ಣದಲ್ಲಿ ಚಿತ್ರ ಬರೆದ ಹಿರಿಯರು, ಕಡಿಮೆ ಮಾತಿನವರು. ಅವರು ಹನ್ನೆರಡು ಚಿತ್ರಗಳನ್ನು ಮತ್ತೆ ಬರೆದರು. ಬರೆದು ಕೊಟ್ಟು, “ಮುಂದಿನ ಪುಸ್ತಕ ಕಲ್ಲಿನ ಬಗ್ಗೆ ಬರೀರಿ ಮೇಡಂ. ಕಲ್ಲು ಬಂದು ತಪ್ಪು ಹಿಡಿಯಲ್ಲ,” ಎಂದರು. ಆ ಹೊತ್ತಿಗೆ ಇಬ್ಬರೂ ನಕ್ಕರು.

ಅವರ ದಯೆ ಬಾಯಿಮಾತಿನದಲ್ಲ. ಸ್ವಲ್ಪ ಒರಟು ಕೂಡ. ದಂಡೆಯ ಮನೆಗಳ ಮಕ್ಕಳು ಪುಸ್ತಕ ಒದ್ದೆ ಮಾಡಿಕೊಂಡು ಬರುವುದು ವಾಡಿಕೆ. ನಿಯಮದ ಪ್ರಕಾರ ದಂಡ ಹಾಕಬೇಕು. ಅವರು ಒಂದು ದಿನವೂ ಹಾಕಲಿಲ್ಲ. ಕಟ್ಟಡದ ಹಿಂದೆ ಒಂದು ಹಗ್ಗ ಕಟ್ಟಿಸಿ, ಒದ್ದೆ ಪುಸ್ತಕವನ್ನು ಅದರ ಮೇಲೆ ಕವುಚಿ ಹಾಕಿ, ತಂದ ಮಗುವನ್ನು ಕೆಳಗೆ ಕೂರಿಸುತ್ತಿದ್ದರು. ಪುಟಗಳು ಒಂದಕ್ಕೊಂದು ಅಂಟದಂತೆ ಹತ್ತು ನಿಮಿಷಕ್ಕೊಮ್ಮೆ ಬೆರಳು ಹಾಕಿ ಬಿಡಿಸಬೇಕು. ಬಿಡಿಸುತ್ತ ಬಿಡಿಸುತ್ತ ಮಗು ಪುಸ್ತಕ ಓದಿ ಮುಗಿಸುತ್ತಿತ್ತು. ಓದದಿದ್ದರೂ ಪುಸ್ತಕ ಒಣಗುತ್ತಿತ್ತು. ಯಾವ ಮಗುವೂ ಹೆದರಿ ಗ್ರಂಥಾಲಯ ಬಿಡಲಿಲ್ಲ ಎಂಬುದನ್ನು ಮಾತ್ರ ಅವರು ಲೆಕ್ಕಕ್ಕೆ ಹಿಡಿದರು. ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಅವರು ಮೊದಲ ವಾರ ಕೊಡುತ್ತಿದ್ದ ಕೆಲಸವೂ ಅದೇ, ಹಗ್ಗದ ಕೆಳಗೆ ಕೂರುವುದು. ಬೇಸರಪಟ್ಟವರು ಬೇರೆ ವಿಭಾಗ ಕೇಳಿ ಹೋದರು. ಉಳಿದವರು ಅವರನ್ನು ಬಿಟ್ಟು ಹೋಗಲಿಲ್ಲ.

ಸೇವೆಯ ಹದಿನಾರನೆಯ ವರ್ಷ ಅವರ ಎಂಟನೆಯ ಪುಸ್ತಕ ಬಂತು, ‘ದೊಡ್ಡ ನೀರು ಬಂದ ವರ್ಷ’. ಬಹಳ ಹಿಂದೆ, ಅಂಬಿಗ ಬಡಗಿ ಇಬ್ಬರೂ ಆರೇಳು ವರ್ಷದವರಾಗಿದ್ದಾಗ, ನದಿ ಉಕ್ಕಿ ದಂಡೆಯ ಬೀದಿಗೆ ನುಗ್ಗಿತ್ತು. ಆ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಪಂಪ್‌ಹೌಸಿನ ಗೋಡೆಯಲ್ಲಿ ಒಂದು ಕಲ್ಲಿದೆ. ಕಲ್ಲಿನಲ್ಲಿ ಕೊರೆದ ಗೀಟು, ಕೆಳಗೆ ಇಸವಿ. ಅವರು ತಮ್ಮ ನಿಯಮ ಬಿಡಲಿಲ್ಲ. ಅಂಬಿಗನನ್ನು ಕೇಳಿದರು, ಕಲ್ಲಿನ ಗೀಟಿನವರೆಗೆ ಎಂದ. ಬಡಗಿಯನ್ನು ಕೇಳಿದರು, ಅವನೂ ಅದನ್ನೇ ಹೇಳಿದ. ಪಂಪ್‌ಹೌಸಿನ ದಾಖಲೆ ಪುಸ್ತಕ ತರಿಸಿ ನೋಡಿದರು. ರಸ್ತೆಯಿಂದ ಮೂರೂವರೆ ಅಡಿ ಎಂದು ದುಂಡಗಿನ ಅಕ್ಷರದಲ್ಲಿತ್ತು. ಟೇಪು ಹಿಡಿದು ತಾವೇ ಅಳೆದರು. ಮೂರೂವರೆ ಅಡಿ. ಎರಡು ಬಾಯಿ, ಒಂದು ಕಾಗದ, ಮೇಲೆ ಒಂದು ಟೇಪು. ಇಷ್ಟು ಗಟ್ಟಿಯಾದ ಅಂಕಿ ಅವರ ಬೇರೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆ ಪುಸ್ತಕದ ಕೊನೆಯ ಪುಟದಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದರು. ಒಂದು ನೂಲು, ಒಂದು ನೀಲಿ ಸೀಮೆಸುಣ್ಣ, ಸಹಾಯಕ್ಕೆ ಮನೆಯ ದೊಡ್ಡವರೊಬ್ಬರು. ರಸ್ತೆಯಿಂದ ಮೂರೂವರೆ ಅಡಿ ಅಳೆದು ನಿಮ್ಮ ಮನೆಯ ಗೋಡೆಗೆ ಗೀಟು ಎಳೆಯಿರಿ. ದೊಡ್ಡ ನೀರು ಮತ್ತೆ ಬಂದರೆ ಇಲ್ಲಿಯವರೆಗೆ ಬರುತ್ತದೆ. ನೆನೆಯಬಾರದ್ದನ್ನು ಗೀಟಿನ ಮೇಲಿಡಿ.

ದಂಡೆಯ ಸಾಲಿನ ನಲವತ್ತೊಂದು ಮನೆಗಳಲ್ಲೂ ಮಕ್ಕಳು ಗೀಟು ಎಳೆದರು. ಸೀಮೆಸುಣ್ಣ ಅಳಿಸಿಹೋದಲ್ಲಿ ಅಪ್ಪಂದಿರು ಬಣ್ಣ ಹಚ್ಚಿದರು. ಗೀಟಿಗಿಂತ ಒಂದು ಗೇಣು ಮೇಲೆ ಹಲಗೆ ಹೊಡೆಸಿದರು; ಹೊಡೆದುಕೊಟ್ಟವನು ಹೆಚ್ಚಿನ ಮನೆಗಳಲ್ಲಿ ದೋಣಿ ಬಡಗಿಯೇ, ಅಂಬಿಗನ ಮನೆಯಲ್ಲಿ ಮಾತ್ರ ಬೇರೆಯವರು. ಅದಕ್ಕೆ ಮೇಡಂ ಹಲಗೆ ಎಂದೇ ಹೆಸರು. ಮದುವೆಯಾಗಿ ಬಂದ ಸೊಸೆಗೆ ಮನೆ ತೋರಿಸುವಾಗ, ಇದು ಒಲೆ, ಇದು ನಲ್ಲಿ, ಇದು ಮೇಡಂ ಹಲಗೆ ಎಂದು ತೋರಿಸುವಷ್ಟು ಅದು ರೂಢಿಯಾಯಿತು. ಗ್ರಂಥಾಲಯದಲ್ಲಿಯೂ ಅವರು ಕ್ಯಾಸೆಟ್ಟುಗಳನ್ನೂ ಮೇಷ್ಟ್ರ ಮೂಲಚಿತ್ರಗಳನ್ನೂ ಕೆಳಗಿನ ಅರೆಗಳಿಂದ ತೆಗೆದು ಐದಡಿ ಎತ್ತರಕ್ಕೆ ಸಾಗಿಸಿದರು. ಒಂದೂವರೆ ಅಡಿ ಹೆಚ್ಚಿಗೇ ಇರಲಿ ಎಂದುಕೊಂಡರು.

ಹದಿನಾಲ್ಕು ವರ್ಷ ಆ ಗೀಟು ಗೋಡೆಯ ಮೇಲಿತ್ತು. ಮೂರು ವರ್ಷದ ಹಿಂದೆ ನೀರು ಬಂತು.

ಎಚ್ಚರಿಕೆ ಬೆಳಗ್ಗೆ ಆರಕ್ಕೇ ಬಂದಿತ್ತು. ದಂಡೆಯವರು ಗಾಬರಿಯಾಗಲಿಲ್ಲ. ಮುಖ್ಯವಾದದ್ದನ್ನೆಲ್ಲ ಮೇಡಂ ಹಲಗೆಗೆ ಏರಿಸಿ, ಬಾಗಿಲು ಹಾಕಿಕೊಂಡು, ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಎತ್ತರದ ಶಾಲೆಗೆ ಹೋದರು. ಕೈ ಬೀಸಿಕೊಂಡು ಹೋದರು ಎಂದೇ ಹೇಳಬೇಕು. ಹತ್ತು ಗಂಟೆಗೆ ನೀರು ಗೀಟು ಮುಟ್ಟಿತು. ಗ್ರಂಥಾಲಯದ ಮೇಲಂತಸ್ತಿನ ಮೆಟ್ಟಿಲ ಮೇಲೆ ನಿಂತು ಅವರು ಕೆಳಗಿನ ಬಾಗಿಲನ್ನು ನೋಡುತ್ತಿದ್ದರು. ಇನ್ನು ನಿಲ್ಲುತ್ತದೆ ಎಂದು ಪಕ್ಕದಲ್ಲಿದ್ದ ಜವಾನನಿಗೆ ಹೇಳಿದರು. ನಿಲ್ಲಲಿಲ್ಲ. ಹನ್ನೊಂದೂವರೆಗೆ ಕಪಾಟಿನ ಬಾಗಿಲು ಒಳಗಿನಿಂದ ತಾನೇ ತೆರೆದುಕೊಂಡು ಚಿತ್ರದ ಕಟ್ಟುಗಳು ತೇಲಿ ಹೊರಬಂದವು. ಇಳಿದು ಹಿಡಿಯೋಣವೆಂದರೆ ಅವರಿಗೆ ಈಜು ಬರುವುದಿಲ್ಲ, ಜವಾನನಿಗೂ ಬರುವುದಿಲ್ಲ. ಮಧ್ಯಾಹ್ನ ಎರಡಕ್ಕೆ ನೀರು ರಸ್ತೆಯಿಂದ ಏಳು ಅಡಿಗೆ ಬಂದು ನಿಂತಿತು.

ಮೂರು ದಿನದ ನಂತರ ನೀರು ಇಳಿಯಿತು. ಅವರು ಕಟ್ಟಡದ ಹಿಂದಿನ ಹಗ್ಗಕ್ಕೆ ಇನ್ನೂ ಆರು ಹಗ್ಗ ಸೇರಿಸಿ ಕಟ್ಟಿಸಿ, ಉಳಿಯಬಹುದಾದ ಪುಸ್ತಕಗಳನ್ನು ಕವುಚಿ ಹಾಕಿ, ಒಬ್ಬರೇ ಕೆಳಗೆ ಕೂತರು. ಮಧ್ಯಾಹ್ನದ ಹೊತ್ತಿಗೆ ದಂಡೆಯಿಂದ ನಾಲ್ಕಾರು ಜನ ಬಂದರು. ಬೈಯಲು ಬಂದರು ಎಂದುಕೊಂಡು ಎದ್ದು ನಿಂತರು. ಬಂದವರು ಹಗ್ಗದ ಕೆಳಗೆ ಕೂತು ಬೆರಳು ಹಾಕಿ ಪುಟ ಬಿಡಿಸತೊಡಗಿದರು. ಚಿಕ್ಕಂದಿನಲ್ಲಿ ಕಲಿತ ಕೆಲಸ, ಮರೆತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವರು ಆಮೇಲೆ ಚಿತ್ರದ ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ತಮ್ಮ ಚಿತ್ರಗಳ ಬಗ್ಗೆ ಒಂದೇ ಮಾತು ಆಡಿದರು: “ಬಣ್ಣ ನೀರಲ್ಲೇ ಕಲಸಿದ್ದು. ನೀರೇ ತಗೊಂಡು ಹೋಯ್ತು ಬಿಡಿ.”

ತಪ್ಪು ಎಲ್ಲಿ ಆಯಿತೆಂದು ಗೊತ್ತಾದದ್ದು ಎಂಟನೆಯ ದಿನ. ಎಂಬತ್ತರ ಹತ್ತಿರದ ಒಬ್ಬ ಗಾರೆ ಮೇಸ್ತ್ರಿ ಕೋಲೂರಿಕೊಂಡು ಬಂದು ಹಗ್ಗದ ಪಕ್ಕ ನಿಂತರು.

“ಆ ಪಂಪ್‌ಹೌಸಿನ ಕಲ್ಲು ಇದೆಯಲ್ಲಮ್ಮ, ಅದನ್ನ ಅಲ್ಲಿ ಕೂರಿಸಿದ್ದು ನಾನು,” ಎಂದರು. “ಮೊದಲು ಮೇಲಿತ್ತು. ರಸ್ತೆ ಅಗಲ ಮಾಡ್ದಾಗ ಗೋಡೆ ಕೆಡವಿ ಹಿಂದಕ್ಕೆ ಕಟ್ಟಿದ್ವಿ. ಅಷ್ಟು ಎತ್ತರದಲ್ಲಿ ಇಟ್ರೆ ಯಾರು ಓದ್ತಾರೆ, ಮಕ್ಕಳ ಕಣ್ಣಿಗೆ ಬೀಳಲಿ ಅಂತ ನಾಲ್ಕಡಿ ಕೆಳಗಿಟ್ಟೆ.”

“ಯಾರಿಗೂ ಹೇಳಲಿಲ್ವಾ?”

“ಯಾರೂ ಕೇಳಲಿಲ್ಲ.”

ಅವರು ಗ್ರಂಥಾಲಯಕ್ಕೆ ಸೇರುವ ಎರಡು ವರ್ಷ ಮೊದಲಿನ ಮಾತು ಅದು. ಅಲ್ಲಿಂದ ಎಳೆ ಹಿಡಿದು ಹೊರಟರೆ ಎಲ್ಲ ಬಿಚ್ಚಿಕೊಂಡಿತು. ದಾಖಲೆ ಪುಸ್ತಕ ಹಳೆಯದಾಗಿ ಹರಿದಿತ್ತೆಂದು ಆ ಕಾಲದ ಗುಮಾಸ್ತರು ಹೊಸದಕ್ಕೆ ಪ್ರತಿ ಮಾಡಿಕೊಂಡಿದ್ದರು. ಕೆಲಸದಲ್ಲಿ ಶ್ರದ್ಧೆಯಿದ್ದವರು, ಹಳೆಯ ಅಂಕಿ ನಂಬದೆ ಕಲ್ಲಿನ ಹತ್ತಿರ ಹೋಗಿ ಹೊಸದಾಗಿ ಅಳೆದು ಬರೆದಿದ್ದರು. ಅಂಬಿಗ ಆ ವೇಳೆಗೆ ತೀರಿಕೊಂಡಿದ್ದ. ಬಡಗಿಯ ಮನೆಗೆ ಅವರೇ ಹೋದರು. ಅವನು ಬಾಗಿಲಲ್ಲಿ ಕೆಸರು ಎತ್ತಿ ಹಾಕುತ್ತಿದ್ದವನು ಸಲಿಕೆ ಗೋಡೆಗೆ ಒರಗಿಸಿದ.

“ನಾನಾಗ ಆರು ವರ್ಷದೋನು. ಅಪ್ಪನ ಹೆಗಲ ಮೇಲೆ ಕೂತಿದ್ದೆ. ಹೆಗಲ ಮೇಲಿದ್ದೋನಿಗೆ ನೀರೆಷ್ಟಿತ್ತು ಅಂತ ಏನು ಗೊತ್ತಾಗುತ್ತೆ ಮೇಡಂ? ಕಲ್ಲಿನ ಗೀಟಿನ ತನಕ ಅಂತ ಅಪ್ಪ ಹೇಳ್ತಿದ್ದ, ನಾನೂ ಅದನ್ನೇ ಹೇಳ್ದೆ. ಎದುರು ಮನೆಯೋನೂ ಅದನ್ನೇ ಹೇಳಿರ್ತಾನೆ. ಸುಳ್ಳಲ್ಲ, ಪಾಪ.”

ಎದುರು ಮನೆಯವನ ಬಗ್ಗೆ ಬಡಗಿ ಆಡಿದ ಮೊದಲ ಒಳ್ಳೆಯ ಮಾತು ಅದು. ಕೇಳಬೇಕಾದವನು ಇರಲಿಲ್ಲ.

ಎರಡು ಬಾಯಿ ಒಂದು ಕಾಗದ ಎಂದು ನಂಬಿದ್ದು ಮೂರಲ್ಲ, ಒಂದೇ ಕಲ್ಲು. ಸೇತುವೆಗಳ ಪುಸ್ತಕಕ್ಕಾಗಿ ಅವರು ಮೇಸ್ತ್ರಿಗಳನ್ನು ತಿಂಗಳುಗಟ್ಟಲೆ ಮಾತಾಡಿಸಿದ್ದರು. ಕಲ್ಲು ಕೂರಿಸಿದ ಈ ಮೇಸ್ತ್ರಿಯನ್ನು ಮಾತ್ರ ಮಾತಾಡಿಸಿರಲಿಲ್ಲ. ನಾಲ್ಕಡಿ ಸೇರಿಸಿದರೆ ಹಳೆಯ ದೊಡ್ಡ ನೀರಿನ ಎತ್ತರ ಏಳೂವರೆ. ಈಗ ಬಂದದ್ದು ಅದಕ್ಕಿಂತ ಅರ್ಧ ಅಡಿ ಕಡಿಮೆ. ಗೀಟು ಸರಿಯಿದ್ದಿದ್ದರೆ ಅದರ ಮೇಲಿಟ್ಟ ಒಂದು ಕಾಗದವೂ ನೆನೆಯುತ್ತಿರಲಿಲ್ಲ.

ಅಂದಿನಿಂದ ಅವರು ಹೊಸ ಪುಸ್ತಕ ಬರೆದಿಲ್ಲ. ಅರ್ಧ ಬರೆದಿಟ್ಟಿದ್ದ ಹದಿನೈದನೆಯದನ್ನೂ ನೀರು ತೆಗೆದುಕೊಂಡಿತ್ತು. ಅವರ ಮುಂದೆ ಎರಡು ಕೆಲಸ ಇದ್ದವು. ಸಾಲಿನ ಪ್ರತಿ ಮನೆಯಲ್ಲೂ ತಪ್ಪು ಗೀಟು ಒರೆಸಿ ಸರಿಯಾದದ್ದು ಎಳೆಯುವುದು ಒಂದು. ಪುಸ್ತಕ ತಪ್ಪು ಹೇಳಿತ್ತು, ಅದನ್ನು ನಂಬಿದ್ದರಿಂದ ಇಂತಿಂಥದ್ದು ಹೋಯಿತು ಎಂದು ಅಚ್ಚಿನಲ್ಲಿ ಹೇಳುವುದು ಇನ್ನೊಂದು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು.

ಮೊದಲನೆಯದಕ್ಕೆ ಅವಸರವಿತ್ತು. ನೀರು ನಿಂತ ಎತ್ತರಕ್ಕೆ ಪ್ರತಿ ಗೋಡೆಯ ಮೇಲೂ ಕೆಸರಿನ ಕಲೆ ಇತ್ತು, ಆದರೆ ಜನ ಸುಣ್ಣ ಹೊಡೆಸತೊಡಗಿದ್ದರು. ಸುಣ್ಣ ಬಿದ್ದರೆ ಕಲೆ ಹೋಗುತ್ತದೆ, ನಾಲ್ಕು ವರ್ಷಕ್ಕೆ ನೆನಪೂ ಹೋಗುತ್ತದೆ. ಕೆಲಸ ಮುಗಿಸಿ ಪ್ರತಿ ಸಂಜೆ ಒಂದು ಡಬ್ಬಿ ನೀಲಿ ಬಣ್ಣ, ಒಂದು ಕುಂಚ, ಒಂದು ನೋಟುಪುಸ್ತಕ ಹಿಡಿದು ಹೊರಡುತ್ತಿದ್ದರು. ಏಳೂವರೆ ಅಡಿಗೆ ಕೈ ಎಟುಕಬೇಕಾದರೆ ಸ್ಟೂಲು ಹತ್ತಬೇಕು. ಐವತ್ತೇಳರ ಮೊಣಕಾಲು, ಹತ್ತಿ ಇಳಿಯುವುದಕ್ಕೇ ಅರ್ಧ ಗಂಟೆ. ಹೆಚ್ಚಿನವರು ಸ್ಟೂಲು ಹಿಡಿದುಕೊಂಡರು. ಕೆಲವರು ಮೊದಲ ಸಲ ಬಾಗಿಲು ತೆಗೆಯಲಿಲ್ಲ.

ಹದಿನೇಳನೆಯ ಮನೆ ಒಬ್ಬ ಹೊಲಿಗೆಯಾಕೆಯದು. ಗಂಡನಿಲ್ಲ, ಮಗಳು ದೂರದಲ್ಲಿ ಕೆಲಸದಲ್ಲಿದ್ದಾಳೆ. ಆಕೆ ಬಾಗಿಲು ತೆಗೆದರು, ಒಳಗೆ ಕರೆಯಲಿಲ್ಲ.

“ಮಿಷನ್ನಿನ ತಲೆ ಬಿಚ್ಚಿ ನಿಮ್ಮ ಹಲಗೆ ಮೇಲಿಟ್ಟೆ. ಮೂವತ್ತು ವರ್ಷದ ಗಿರಾಕಿಗಳ ಅಳತೆ ಕಾಗದ, ಕತ್ತರಿಸಿ ಕತ್ತರಿಸಿ ಕಟ್ಟು ಮಾಡಿಟ್ಟಿದ್ದು, ಅದನ್ನೂ ಇಟ್ಟೆ. ಏಳೂವರೆ ಅಂದಿದ್ರೆ ಮನೇಲೇ ಇಡ್ತಿರ್ಲಿಲ್ಲ ಮೇಡಂ. ತಲೆ ಮೇಲೆ ಹೊತ್ಕೊಂಡು ಹೋಗ್ತಿದ್ದೆ. ಹೊರೋಕೆ ಆಗ್ತಿತ್ತು ನನಗೆ.”

ಆಕೆ ಬಣ್ಣದ ಡಬ್ಬಿಯ ಕಡೆ ನೋಡಿದರು.

“ಈಗ ಈ ಹೊಸ ಗೀಟನ್ನ ಯಾವ ನಂಬಿಕೆ ಮೇಲೆ ಹಾಕಿಸ್ಕೊಳ್ಳಲಿ?”

“ನನ್ನನ್ನ ನಂಬಬೇಡಿ,” ಎಂದರು ಅವರು. “ಕೆಸರಿನ ಕಲೆ ನಿಮ್ಮ ಗೋಡೆ ಮೇಲೇ ಇದೆ. ಅದರಿಂದ ಅರ್ಧ ಅಡಿ ಮೇಲೆ ಎಳೀತೀನಿ. ಟೇಪು ನೀವೇ ಹಿಡ್ಕೊಳ್ಳಿ.”

ಹೊಲಿಗೆಯಾಕೆ ತಮ್ಮದೇ ಟೇಪು ತಂದರು, ಹೊಸದು. ಹಿಡಿದು, ಎರಡು ಸಲ ಅಳೆದು, ಆಮೇಲೆ ಸ್ಟೂಲು ತಂದಿಟ್ಟರು. ಗೀಟು ಎಳೆದಾದ ಮೇಲೆ ಹೋದದ್ದನ್ನೆಲ್ಲ ಒಂದೊಂದಾಗಿ ಹೇಳಿ ಬರೆಸಿದರು. ಕೊನೆಗೊಂದು ವಸ್ತು ಹೇಳಿದರು. ಅದನ್ನು ಬರೆದುಕೊಳ್ಳದೆ ಅವರು ನೋಟುಪುಸ್ತಕ ಮುಚ್ಚಿದರು. ಹೊಲಿಗೆಯಾಕೆ ನೋಟುಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು, “ಅದೂ ಹೋಯ್ತಲ್ಲ. ನಿಮಗೆ ಬೇಡ ಅಂದ್ರೆ ಹೋಗಿದ್ದು ಬರುತ್ತಾ?” ಎಂದು ತಾವೇ ಬರೆದರು. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಅವರು ಅದನ್ನು ಕೇಳಲೇಬೇಕಾಯಿತು. ಹಿಂದೆ ಮುಗಿಸಿದ್ದ ಹದಿನಾರು ಮನೆಗಳಿಗೂ ಅದೊಂದಕ್ಕಾಗಿ ಮತ್ತೆ ಹೋದರು.

ಮೂವತ್ತೇಳು ಮನೆ ಆದವು. ನಾಲ್ಕು ಮನೆಗಳಲ್ಲಿ ಅವರು ಹೋಗುವ ಮೊದಲೇ ಸುಣ್ಣ ಬಿದ್ದಿತ್ತು. ಆ ಮನೆಯವರು ನೀರಿಗೆ ಹೋದದ್ದನ್ನು ಹೇಳಿ ಬರೆಸಿದರು, ಗೀಟು ಮಾತ್ರ ಬೇಡವೆಂದರು. ಹೊಸ ಸುಣ್ಣ ಹಾಳಾಗುತ್ತದೆ ಎಂದು ಕಾರಣ ಕೊಟ್ಟರು.

ಎರಡನೆಯ ಕೆಲಸ ಪುಸ್ತಕಗಳನ್ನು ಪ್ರಕಟಿಸುತ್ತಿದ್ದ ಗ್ರಂಥಾಲಯದ ಕಚೇರಿಯ ಮೂಲಕ ಆಗಬೇಕಿತ್ತು. ನಿರ್ದೇಶಕರು ಕೆಟ್ಟವರಲ್ಲ. ಈ ಪುಸ್ತಕಗಳ ಮೇಲೆ ಅಭಿಮಾನ ಇರುವವರು, ಹನ್ನೊಂದನೆಯ ಪುಸ್ತಕಕ್ಕೆ ನಾಲ್ಕು ಬಣ್ಣ ಮಂಜೂರು ಮಾಡಿಸಿದವರು. ಅವರು ಒಪ್ಪಲಿಲ್ಲ.

“ಹೊಸ ಮುದ್ರಣದಲ್ಲಿ ಅಂಕಿ ಸರಿ ಮಾಡಿ. ಮೂರೂವರೆ ತೆಗೆದು ಏಳೂವರೆ ಹಾಕಿ, ಮುಗೀತು. ತಪ್ಪಾಯ್ತು ಅಂತ ಪುಟಗಟ್ಟಲೆ ಯಾಕೆ?”

“ಅಂಕಿ ಸುಮ್ಮನೆ ಬದಲಾಯಿಸಿದ್ರೆ ಹಳೇ ಪುಸ್ತಕ ಇರೋರಿಗೆ ಗೊತ್ತಾಗಲ್ಲ ಸಾರ್. ಬೇರೆ ಬೀದಿಗಳಲ್ಲೂ ಮಕ್ಕಳು ಗೀಟು ಎಳೆದಿದ್ದಾರೆ. ಅಲ್ಲಿ ಈ ಸಲ ನೀರು ಬರಲಿಲ್ಲ ಅಷ್ಟೆ.”

ಕಡತ ಮೇಲೆ ಹೋಯಿತು, ಅಭಿಪ್ರಾಯಕ್ಕೆಂದು ಕೆಳಗೆ ಬಂತು, ಮತ್ತೆ ಹೋಯಿತು. ಕಚೇರಿಯ ಹೆಸರಿರುವ ಪುಸ್ತಕ ತನ್ನ ತಪ್ಪನ್ನು ತಾನೇ ಅಚ್ಚು ಹಾಕಿದ ಪೂರ್ವನಿದರ್ಶನ ಇಲ್ಲ ಎಂದು ಕೊನೆಗೆ ಒಂದು ಸಾಲಿನ ಉತ್ತರ ಬಂತು. ಆ ಹೊತ್ತಿಗೆ ಮೂರನೆಯ ವರ್ಷ ನಡೆದಿತ್ತು. ಅವರು ಇನ್ನೊಂದು ಅರ್ಜಿ ಬರೆದರು. ಅಭ್ಯಾಸಬಲ ಎನ್ನಬೇಕು, ಉತ್ತರದ ನಿರೀಕ್ಷೆ ಅವರಲ್ಲಿ ಉಳಿದಿರಲಿಲ್ಲ. ಸುಸ್ತಾಗಿದೆ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಆಗ.

ಇಂಥ ಹೊತ್ತಿನಲ್ಲಿ ಗೆಳೆಯರು ಅಭಿನಂದನ ಸಂಪುಟದ ಮಾತು ತೆಗೆದುಕೊಂಡು ಅವರ ಮನೆಗೆ ಹೋದರು. ಅವರು ಬೇಡವೆಂದರು. ಚಿತ್ರದ ಮೇಷ್ಟ್ರು ಮುಖಪುಟ ಬರೆಯುತ್ತಾರೆ ಎಂದರೂ ಬೇಡವೆಂದರು. ಎಲ್ಲರೂ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅವರು ಬಾಗಿಲಿಗೆ ಬಂದು, “ಈ ಸಂಪುಟ ಕಚೇರಿಯ ಪ್ರಕಟಣೆಯಾ?” ಎಂದು ಕೇಳಿದರು. ಅಲ್ಲ, ನಾವು ನಾವೇ ತರುವುದು ಎಂದರು. “ಹಾಗಾದ್ರೆ ಬನ್ನಿ, ಕೂತ್ಕೊಳ್ಳಿ,” ಎಂದರು.

ಅವರು ಹಾಕಿದ ಷರತ್ತು ಒಂದೇ. ಆ ನೋಟುಪುಸ್ತಕದ ಪಟ್ಟಿಯನ್ನು ಹೊಗಳಿಕೆಯ ಲೇಖನವೊಂದರ ಕೊನೆಯಲ್ಲಿ ಸೇರಿಸಬೇಕು, ಬೇರೆ ಅನುಬಂಧ ಮಾಡಬಾರದು. ಅನುಬಂಧ ಯಾರೂ ಓದುವುದಿಲ್ಲ ಎಂಬುದು ಮೂವತ್ತಮೂರು ವರ್ಷದ ಗ್ರಂಥಾಲಯದ ಅನುಭವ. ಮತ್ತು ಸಂಪುಟದ ಒಂದೊಂದು ಪ್ರತಿಯನ್ನು ಸಾಲಿನ ನಲವತ್ತೊಂದು ಮನೆಗೂ, ನದಿದಂಡೆಯ ಪ್ರತಿ ಶಾಲೆಗೂ ಮುಟ್ಟಿಸಬೇಕು. ನಿರ್ದೇಶಕರಿಗೆ ವಿಷಯ ತಿಳಿಯಿತು. ಅವರು ತಡೆಯಲಿಲ್ಲ, ಈ ಸಂಪುಟಕ್ಕೆ ತಾವು ಬರೆದುಕೊಟ್ಟಿದ್ದ ಮುನ್ನುಡಿಯನ್ನು ಹಿಂದಕ್ಕೆ ಪಡೆಯಲೂ ಇಲ್ಲ.

ಆದ್ದರಿಂದ ಹಿಂದೆ ಹೇಳಿದ್ದನ್ನು ಇಲ್ಲಿ ಅಚ್ಚಿನಲ್ಲಿ ಮತ್ತೆ ಹೇಳಬೇಕು. ‘ದೊಡ್ಡ ನೀರು ಬಂದ ವರ್ಷ’ ಪುಸ್ತಕದ ಹದಿನೆಂಟನೆಯ ಮತ್ತು ಕೊನೆಯ ಪುಟಗಳಲ್ಲಿ ಇರುವ ಮೂರೂವರೆ ಅಡಿ ತಪ್ಪು. ಏಳೂವರೆ ಅಡಿ ಸರಿ. ಆ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ತಿದ್ದಿಕೊಳ್ಳಿ. ಗೋಡೆಯ ಮೇಲೆ ಗೀಟಿದ್ದರೆ ಒರೆಸಿ.

ಅವರಿಗೆ ಅರವತ್ತಾಯಿತು. ಮೊಣಕಾಲು ನೋಯುತ್ತದೆ, ಎಡಗಣ್ಣಿಗೆ ಪೊರೆ ಬಂದಿದೆ. ಮೇಸ್ತ್ರಿಗಳ ಮೇಲೆ ಒಂದು ಪುಸ್ತಕ ಬರೆಯಬೇಕೆಂದು ಹೊಸ ನೋಟುಪುಸ್ತಕ ತಂದಿಟ್ಟಿದ್ದಾರೆ, ಇನ್ನೂ ಖಾಲಿಯಿದೆ. ಅವರಿಗೆ ನೂರು ವರ್ಷ ಹಾರೈಸಿದರೆ ಅಷ್ಟು ವರ್ಷ ಸ್ಟೂಲು ಹಿಡಿಯುವವರು ಯಾರು ಎಂದು ಕೇಳುತ್ತಾರೆ. ಹಿಡಿಯಲು ಜನರಿದ್ದಾರೆ. ಆ ಪುಸ್ತಕ ಬರೆದು ಮುಗಿಸುವಷ್ಟು, ಸುಣ್ಣ ಹೊಡೆದ ನಾಲ್ಕು ಮನೆಗಳು ಗೀಟಿಗೆ ಒಪ್ಪುವಷ್ಟು, ಅದಾದ ಮೇಲೆ ಒಂದಿಷ್ಟು ಕಾಲ ಏನೂ ಮಾಡದೆ ಕೂರುವಷ್ಟು ಆಯುಸ್ಸು ಆರೋಗ್ಯ ಅವರಿಗಿರಲಿ.

ನೋಟುಪುಸ್ತಕದ ಪಟ್ಟಿ ಹೀಗಿದೆ. ಗ್ರಂಥಾಲಯದಲ್ಲಿ: ಕ್ಯಾಸೆಟ್ಟು ಇನ್ನೂರಹನ್ನೆರಡು, ಅವುಗಳಲ್ಲಿ ಮಾತಾಡಿದವರ ಪೈಕಿ ಈಗ ಬದುಕಿಲ್ಲದವರು ಐವತ್ತೆಂಟು, ಮೂಲಚಿತ್ರ ಮುನ್ನೂರನಲವತ್ತು, ಹಸ್ತಪ್ರತಿ ಒಂದು, ಮೇಜಿನ ಹಿಂದಿನ ಗೋಡೆಯ ಮೇಲಿದ್ದ ಮಗುವಿನ ಚಿತ್ರ ಒಂದು. ನಲವತ್ತೊಂದು ಮನೆಗಳಲ್ಲಿ, ನೀಲಿ ಗೀಟಿನ ಮೇಲೆ ಇಟ್ಟಿದ್ದವು: ಅರವತ್ತಮೂರು ಜನರ ಶಾಲೆಯ ಪ್ರಮಾಣಪತ್ರ, ಫೋಟೋ ಆಲ್ಬಮ್ ಹತ್ತೊಂಬತ್ತು, ಹೊಲಿಗೆ ಮಿಷನ್ನಿನ ತಲೆ ಎರಡು, ಅಳತೆ ಕಾಗದದ ಕಟ್ಟು ಒಂದು, ರೇಡಿಯೋ ಏಳು, ಕಿವಿಗೆ ಹಾಕುವ ಯಂತ್ರ ಒಂದು, ಕನ್ನಡಕ ನಾಲ್ಕು, ಕಾಗದಪತ್ರದ ಪೆಟ್ಟಿಗೆ ಮೂವತ್ತು, ಒಳಗೇನಿತ್ತೆಂದು ಹೇಳದವರು ಐವರು. ಪ್ರಾಣ ಯಾರದೂ ಹೋಗಲಿಲ್ಲ. ‘ದೊಡ್ಡ ನೀರು ಬಂದ ವರ್ಷ’, ನೆನೆಯಬಾರದೆಂದು ಹಲಗೆಯ ಮೇಲಿಟ್ಟಿದ್ದ ಪ್ರತಿಗಳು, ಇಪ್ಪತ್ತಾರು.